ವೆಲ್ಲಿಂಗ್ಟನ್: ಮಂಜಿನ ಊರಿನಲ್ಲಿ ಬಿಸಿಲಿನ ಲೆಕ್ಕ

ನೀಲಗಿರಿ ಎಂದೊಡನೆ ಮಂಜು, ಮಳೆ, ಚಳಿ ನೆನಪಾಗುವುದು ಸಹಜ. ಇಂಥ ಕಡೆ ಮನೆ ಮೇಲೆ ಸೋಲಾರ್ ಪ್ಯಾನೆಲ್ ಹಾಕಿಸಿದರೆ ಹಣ ದಂಡವಲ್ಲವೇ ಎಂಬ ಅನುಮಾನ ಯಾರಿಗೂ ಬರುವಂಥದ್ದೇ. ಪ್ಯಾನೆಲ್ ಮಾರುವವರ ಕೈಯಲ್ಲಿ ಬಯಲುಸೀಮೆಯ ಲೆಕ್ಕವಿರುತ್ತದೆ. ಬೇಡವೆನ್ನುವವರ ಮನಸ್ಸಿನಲ್ಲಿ ಜುಲೈ ತಿಂಗಳ ಊಟಿಯ ಚಿತ್ರವಿರುತ್ತದೆ. ವೆಲ್ಲಿಂಗ್ಟನ್‌ಗೆ ಎರಡೂ ಸರಿಹೊಂದುವುದಿಲ್ಲ. ಇಲ್ಲಿನ ಬಿಸಿಲಿಗೆ ಅದರದ್ದೇ ಆದ ಕ್ಯಾಲೆಂಡರ್ ಇದೆ, ಅದರದ್ದೇ ಆದ ಗಡಿಯಾರವೂ ಇದೆ.

ಕೂನೂರಿನಿಂದ ಕೆಲವೇ ಕಿಲೋಮೀಟರ್ ದೂರದಲ್ಲಿರುವ ವೆಲ್ಲಿಂಗ್ಟನ್ ಮೂಲತಃ ದಂಡಿನ ಊರು. ಬಡಗರ ಹಳ್ಳಿಯ ಹೆಸರಿನಿಂದ ಬಂದ ಜಕ್ಕತಲ ಎಂಬುದು ಇದರ ಹಳೆಯ ಹೆಸರು. 19ನೇ ಶತಮಾನದಲ್ಲಿ ಸೈನಿಕರ ಬ್ಯಾರಕ್‌ಗಳು ಎದ್ದ ನಂತರ ಇಂಗ್ಲೆಂಡಿನ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಹೆಸರು ಬಂತು. ಇಂದು ಮದ್ರಾಸ್ ರೆಜಿಮೆಂಟ್ ಕೇಂದ್ರ ಮತ್ತು ರಕ್ಷಣಾ ಸೇವೆಗಳ ಸಿಬ್ಬಂದಿ ಕಾಲೇಜು ಇಲ್ಲಿವೆ. ಊರು ಸಮುದ್ರ ಮಟ್ಟದಿಂದ ಸುಮಾರು 1,850 ಮೀಟರ್ ಎತ್ತರದಲ್ಲಿದೆ. ಅಕ್ಷಾಂಶ ಉತ್ತರಕ್ಕೆ 11.4 ಡಿಗ್ರಿ, ರೇಖಾಂಶ ಪೂರ್ವಕ್ಕೆ 76.8 ಡಿಗ್ರಿ. ಪ್ಯಾನೆಲ್‌ನ ಇಳುವರಿ ಲೆಕ್ಕ ಹಾಕಲು ಮೊದಲು ಬೇಕಾಗುವುದು ಈ ಮೂರು ಅಂಕಿಗಳೇ.

ಸೂರ್ಯ ಎಲ್ಲಿರುತ್ತಾನೆ

ವೆಲ್ಲಿಂಗ್ಟನ್‌ನಲ್ಲಿ ಸೂರ್ಯ ವರ್ಷಕ್ಕೆ ಎರಡು ಬಾರಿ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ಒಂದು ಏಪ್ರಿಲ್ 20ರ ಆಸುಪಾಸು, ಇನ್ನೊಂದು ಆಗಸ್ಟ್ 23ರ ಆಸುಪಾಸು. ಈ ಎರಡು ದಿನಗಳ ನಡುವೆ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಇರುತ್ತಾನೆ. ಆದರೆ 12 ಡಿಗ್ರಿಗಿಂತ ಹೆಚ್ಚು ಸರಿಯುವುದಿಲ್ಲ. ವರ್ಷದ ಉಳಿದ ಎಂಟು ತಿಂಗಳು ದಕ್ಷಿಣಕ್ಕೆ ಇರುತ್ತಾನೆ. ಡಿಸೆಂಬರ್ 22ರ ಹೊತ್ತಿಗೆ ನೆತ್ತಿಯಿಂದ 35 ಡಿಗ್ರಿಯಷ್ಟು ಕೆಳಗಿಳಿಯುತ್ತಾನೆ. ಅತಿ ದೀರ್ಘ ಹಗಲು ಸುಮಾರು 12 ಮುಕ್ಕಾಲು ಗಂಟೆ, ಅತಿ ಚಿಕ್ಕ ಹಗಲು ಹನ್ನೊಂದೂವರೆ ಗಂಟೆಗೆ ಸ್ವಲ್ಪ ಕಡಿಮೆ. ಯುರೋಪಿನಲ್ಲಿ ಇರುವಂತೆ ಬೇಸಿಗೆ–ಚಳಿಗಾಲಗಳ ನಡುವೆ ಹಗಲಿನ ಅಜಗಜಾಂತರ ಇಲ್ಲಿಲ್ಲ.

ಗಡಿಯಾರದ ವಿಷಯ ಬೇರೆ. ಭಾರತೀಯ ಕಾಲಮಾನ 82.5 ಡಿಗ್ರಿ ರೇಖಾಂಶಕ್ಕೆ ಹೊಂದಿಸಿದ್ದು. ವೆಲ್ಲಿಂಗ್ಟನ್ ಅದಕ್ಕಿಂತ ಪಶ್ಚಿಮಕ್ಕಿದೆ. ಹೀಗಾಗಿ ಇಲ್ಲಿ ನಿಜವಾದ ನಡುಹಗಲು ಆಗುವುದು ಸರಾಸರಿ 12 ಗಂಟೆ 23 ನಿಮಿಷಕ್ಕೆ. ನವೆಂಬರ್ ಆರಂಭದಲ್ಲಿ ಇದು 12 ದಾಟಿ ಆರೇಳು ನಿಮಿಷಕ್ಕೇ ಆಗುತ್ತದೆ, ಫೆಬ್ರವರಿಯಲ್ಲಿ 12.35 ದಾಟುತ್ತದೆ. ಪ್ಯಾನೆಲ್‌ಗೆ ಮರದ ನೆರಳು ಎಷ್ಟು ಹೊತ್ತಿಗೆ ಬೀಳುತ್ತದೆ ಎಂದು ನೋಡುವವರು ಈ ವ್ಯತ್ಯಾಸವನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು.

ಇಲ್ಲಿ ಒಂದು ಸ್ವಾರಸ್ಯದ ಸಂಗತಿ ಹೇಳಬೇಕು. ಊಟಿ ಸಮೀಪದ ಮುತ್ತೊರೈಯಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ರೇಡಿಯೋ ದೂರದರ್ಶಕವಿದೆ. ಗೋವಿಂದ ಸ್ವರೂಪ್ ಅವರ ನೇತೃತ್ವದಲ್ಲಿ ರೂಪುಗೊಂಡು 1970ರಲ್ಲಿ ಕೆಲಸ ಆರಂಭಿಸಿದ ಇದರ ಉದ್ದ 530 ಮೀಟರ್, ಅಗಲ 30 ಮೀಟರ್. ಅದಕ್ಕೆ ನೀಲಗಿರಿಯನ್ನೇ ಆರಿಸಿಕೊಂಡದ್ದಕ್ಕೆ ಒಂದು ಕಾರಣ, ಅಲ್ಲಿನ ಒಂದು ಗುಡ್ಡದ ಉತ್ತರ–ದಕ್ಷಿಣ ಇಳಿಜಾರು ಸರಿಸುಮಾರು 11 ಡಿಗ್ರಿ ಇದ್ದುದು. ಇಳಿಜಾರು ಅಕ್ಷಾಂಶಕ್ಕೆ ಸಮವಾದರೆ ದೂರದರ್ಶಕದ ಅಕ್ಷ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗುತ್ತದೆ. ಆಗ ಅದನ್ನು ಪೂರ್ವದಿಂದ ಪಶ್ಚಿಮಕ್ಕೆ ಒಂದೇ ದಿಕ್ಕಿನಲ್ಲಿ ತಿರುಗಿಸುತ್ತಾ ಹೋದರೆ ಸಾಕು, ಆಕಾಶದ ಕಾಯ ಗಂಟೆಗಟ್ಟಲೆ ಕಣ್ಣಿನಿಂದ ತಪ್ಪುವುದಿಲ್ಲ. ಸೋಲಾರ್ ಪ್ಯಾನೆಲ್ ಅಳವಡಿಸುವವರು ಹೇಳುವ 'ಅಕ್ಷಾಂಶದಷ್ಟೇ ಓರೆ' ಎಂಬ ಸೂತ್ರವೂ ಇದೇ ಜ್ಯಾಮಿತಿ. ನೀಲಗಿರಿಯ ಆ ಗುಡ್ಡ ಹುಟ್ಟಿನಿಂದಲೇ ಪ್ಯಾನೆಲ್‌ಗೆ ಬೇಕಾದ ಕೋನದಲ್ಲಿ ಕುಳಿತಿದೆ ಎನ್ನಬಹುದು.

ಚಳಿ ಶತ್ರುವಲ್ಲ

ಪ್ಯಾನೆಲ್‌ಗೆ ಬೇಕಾದದ್ದು ಬೆಳಕು, ಬಿಸಿಯಲ್ಲ. ಇದು ಎಷ್ಟು ಬಾರಿ ಹೇಳಿದರೂ ಸಾಲದು. ಪ್ಯಾನೆಲ್ ಮೇಲೆ ಬರೆದಿರುವ ವ್ಯಾಟ್ ಸಂಖ್ಯೆ, ಚದರ ಮೀಟರಿಗೆ 1,000 ವ್ಯಾಟ್ ಬೆಳಕು ಬಿದ್ದಾಗ, ಅದರ ಕೋಶಗಳ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಇದ್ದಾಗ ಅಳೆದದ್ದು. ಕೋಶ ಬಿಸಿಯಾದಂತೆ ಇಳುವರಿ ಕುಸಿಯುತ್ತದೆ. ಸಾಮಾನ್ಯ ಸಿಲಿಕಾನ್ ಪ್ಯಾನೆಲ್‌ಗಳಲ್ಲಿ ಪ್ರತಿ ಡಿಗ್ರಿಗೆ ಶೇ. 0.3ರಿಂದ 0.4ರಷ್ಟು ನಷ್ಟ.

ಒಳ್ಳೆಯ ಬಿಸಿಲಿನಲ್ಲಿ ಕೋಶದ ಉಷ್ಣತೆ ಸುತ್ತಲಿನ ಗಾಳಿಗಿಂತ ಸುಮಾರು 30 ಡಿಗ್ರಿ ಹೆಚ್ಚಿರುತ್ತದೆ. ವೆಲ್ಲಿಂಗ್ಟನ್‌ನಲ್ಲಿ ಗಾಳಿ 20 ಡಿಗ್ರಿ ಇದ್ದರೆ ಕೋಶ 50ರ ಸುಮಾರು. ಅದೇ ಹೊತ್ತಿಗೆ ಬೆಟ್ಟದ ಬುಡದ ಮೇಟ್ಟುಪ್ಪಾಳಯಂನಲ್ಲಿ ಗಾಳಿ 35 ಡಿಗ್ರಿ ಇದ್ದರೆ ಕೋಶ 65. ಹದಿನೈದು ಡಿಗ್ರಿಯ ಈ ವ್ಯತ್ಯಾಸದಿಂದಲೇ ಬೆಟ್ಟದ ಮೇಲಿನ ಪ್ಯಾನೆಲ್‌ಗೆ ಶೇ. 5ರಿಂದ 6ರಷ್ಟು ಲಾಭ. ಎತ್ತರವೂ ನೆರವಾಗುತ್ತದೆ. 1,850 ಮೀಟರ್ ಮೇಲೆ ಗಾಳಿಯ ಒತ್ತಡ ಸಮುದ್ರ ಮಟ್ಟದ ಐದನೇ ನಾಲ್ಕು ಭಾಗ ಮಾತ್ರ. ಅಂದರೆ ವಾಯುಮಂಡಲದ ಐದನೇ ಒಂದು ಭಾಗ, ಅದರ ಜೊತೆಗೆ ಬಯಲಿನ ಧೂಳಿನ ಬಹುಪಾಲು, ಪ್ಯಾನೆಲ್‌ನ ಕೆಳಗೇ ಉಳಿಯುತ್ತದೆ. ಮಳೆ ಬಿಟ್ಟ ಮರುದಿನದ ಫೆಬ್ರವರಿ ಬೆಳಗ್ಗೆ ವೆಲ್ಲಿಂಗ್ಟನ್‌ನ ಬಿಸಿಲು ಚುರುಕು ಮುಟ್ಟಿಸುವುದು ಇದೇ ಕಾರಣಕ್ಕೆ.

ಹಾಗಾದರೆ ತೊಡಕು ಎಲ್ಲಿ? ಮೋಡದಲ್ಲಿ, ಮಂಜಿನಲ್ಲಿ ಮತ್ತು ನೆರಳಿನಲ್ಲಿ.

ಒಂದೇ ಜಿಲ್ಲೆ, ಮೂರು ಆಕಾಶ

2,637 ಮೀಟರ್ ಎತ್ತರದ ದೊಡ್ಡಬೆಟ್ಟ ನೀಲಗಿರಿಯ ಹವಾಮಾನಕ್ಕೆ ನಡುಗೋಡೆ ಇದ್ದಂತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನೈಋತ್ಯ ಮುಂಗಾರು ಪಶ್ಚಿಮದ ಗೂಡಲೂರು, ದೇವಾಲ, ಅವಲಾಂಚಿಗಳ ಮೇಲೆ ಸುರಿದು, ಪೂರ್ವದ ಕೂನೂರು–ವೆಲ್ಲಿಂಗ್ಟನ್ ತಲುಪುವ ಹೊತ್ತಿಗೆ ಬಹಳಷ್ಟು ಸೊರಗಿರುತ್ತದೆ. ಆದರೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಈಶಾನ್ಯ ಹಿಂಗಾರು ಬಂಗಾಳ ಕೊಲ್ಲಿಯ ಕಡೆಯಿಂದ ಬಂದು ಈ ಪೂರ್ವದ ಇಳಿಜಾರಿಗೇ ನೇರವಾಗಿ ಬಡಿಯುತ್ತದೆ.

ಎರಡು ಘಟನೆಗಳನ್ನು ಪಕ್ಕಪಕ್ಕ ಇಟ್ಟರೆ ವಿಷಯ ಸ್ಪಷ್ಟವಾಗುತ್ತದೆ. 2009ರ ನವೆಂಬರ್‌ನಲ್ಲಿ ಭಾರೀ ಮಳೆಯಿಂದ ಭೂಕುಸಿತಗಳಾಗಿ ಜೀವಹಾನಿ ಸಂಭವಿಸಿದ್ದು ಕೂನೂರು, ಕೇತ್ತಿ ಭಾಗದಲ್ಲಿ. 2019ರ ಆಗಸ್ಟ್‌ನಲ್ಲಿ ಒಂದೇ ದಿನ 80 ಸೆಂಟಿಮೀಟರಿಗೂ ಹೆಚ್ಚು ಮಳೆ ಸುರಿದು ದೇಶದ ಗಮನ ಸೆಳೆದದ್ದು ಪಶ್ಚಿಮದ ಅವಲಾಂಚಿಯಲ್ಲಿ. ಜಿಲ್ಲೆ ಒಂದೇ, ಆದರೆ ಮಳೆಗಾಲ ಎರಡು.

ಪ್ಯಾನೆಲ್ ಭಾಷೆಗೆ ಇದನ್ನು ಇಳಿಸಿದರೆ ಹೀಗೆ. ಗೂಡಲೂರಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಇಳುವರಿ ನೆಲಕಚ್ಚುತ್ತದೆ, ನವೆಂಬರ್‌ಗೆಲ್ಲಾ ಚೇತರಿಸಿಕೊಳ್ಳುತ್ತದೆ. ವೆಲ್ಲಿಂಗ್ಟನ್‌ನಲ್ಲಿ ಮುಂಗಾರಿನ ತಿಂಗಳುಗಳಲ್ಲಿ ಮೋಡ ಕವಿದರೂ ನಡುನಡುವೆ ಬಿಸಿಲು ಇಣುಕುತ್ತದೆ. ಪರೀಕ್ಷೆಯ ಕಾಲ ಅಕ್ಟೋಬರ್ ಮಧ್ಯದಿಂದ ಡಿಸೆಂಬರ್‌ವರೆಗೆ. ಮಸಿನಗುಡಿ ಇವೆರಡಕ್ಕಿಂತ ಭಿನ್ನ. ನೀಲಗಿರಿ ಪ್ರಸ್ಥಭೂಮಿಗೂ ಮೋಯಾರ್ ಕಂದಕಕ್ಕೂ ನಡುವಿನ, ಮಳೆ ಮರೆಯ, ಕುರುಚಲು ಕಾಡಿನ ಸೀಮೆ ಅದು. ಬಿಸಿಲಿನ ಮಟ್ಟಿಗೆ ಊಟಿಗಿಂತ ಗಡಿಯಾಚೆಯ ಗುಂಡ್ಲುಪೇಟೆಗೆ ಹತ್ತಿರದ ಸಂಬಂಧಿ. 'ನೀಲಗಿರಿ ಜಿಲ್ಲೆಯ ಸರಾಸರಿ' ಎಂದು ಒಂದೇ ಅಂಕಿ ಕೊಡುವ ಯಾವ ಕೋಷ್ಟಕವನ್ನೂ ಅಷ್ಟು ಸುಲಭವಾಗಿ ನಂಬಬಾರದು.

ಊರಿನ ಒಳಗೂ ಒಂದು ದಿನಚರಿ ಇದೆ. ಬೆಳಗ್ಗೆ ಆಕಾಶ ತಿಳಿಯಾಗಿದ್ದು, ಬಿಸಿಲೇರಿದಂತೆ ಮೇಟ್ಟುಪ್ಪಾಳಯಂ ಕಡೆಯ ಕಣಿವೆಯಿಂದ ತೇವದ ಗಾಳಿ ಮೇಲೇರಿ, ಮಧ್ಯಾಹ್ನದ ಹೊತ್ತಿಗೆ ಮಂಜಾಗಿ ಮನೆಗಳನ್ನು ಮುಚ್ಚುವುದು ಘಾಟಿಯ ಅಂಚಿನ ಈ ಊರುಗಳಲ್ಲಿ ಎಲ್ಲರೂ ಕಂಡ ದೃಶ್ಯ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯೂ ಹೆಚ್ಚಾಗಿ ಮಧ್ಯಾಹ್ನದ ನಂತರವೇ. ಹೀಗಾಗಿ ಛಾವಣಿಯ ಪೂರ್ವ ಮತ್ತು ಪಶ್ಚಿಮ ಮುಖಗಳಲ್ಲಿ ಒಂದನ್ನು ಆರಿಸಬೇಕಾಗಿ ಬಂದರೆ ವೆಲ್ಲಿಂಗ್ಟನ್‌ನಲ್ಲಿ ಪೂರ್ವವನ್ನೇ ಆರಿಸುವುದು ಜಾಣತನ. ಪುಸ್ತಕದ ಲೆಕ್ಕದಲ್ಲಿ ಎರಡೂ ಸಮ, ಬೆಟ್ಟದ ಲೆಕ್ಕದಲ್ಲಿ ಅಲ್ಲ.

ಛಾವಣಿ ಯಾವ ಕಡೆ ನೋಡುತ್ತದೆ

ಬಯಲಿನ ಕಾಂಕ್ರೀಟ್ ತಾರಸಿಯ ಮೇಲೆ ಪ್ಯಾನೆಲ್ ಅನ್ನು ಬೇಕಾದ ಕಡೆಗೆ ತಿರುಗಿಸಿ ನಿಲ್ಲಿಸಬಹುದು. ವೆಲ್ಲಿಂಗ್ಟನ್‌ನ ಹಳೆಯ ಮನೆಗಳಿಗೆ ಕಡಿದಾದ ಹೆಂಚಿನ ಅಥವಾ ತಗಡಿನ ಛಾವಣಿ. ಮನೆ ಕಟ್ಟಿದವರು ಮಳೆ ನೀರು ಬೇಗ ಜಾರಲಿ ಎಂದು ಯೋಚಿಸಿದ್ದರೇ ಹೊರತು ಸೂರ್ಯನ ಬಗ್ಗೆ ಅಲ್ಲ. ಛಾವಣಿ 30 ಡಿಗ್ರಿ ಇಳಿಜಾರು ಎಂದುಕೊಳ್ಳೋಣ. ಡಿಸೆಂಬರ್ ಕೊನೆಯ ನಡುಹಗಲಿನಲ್ಲಿ ದಕ್ಷಿಣ ಮುಖದ ಛಾವಣಿಗೆ ಸೂರ್ಯಕಿರಣ ಹೆಚ್ಚುಕಡಿಮೆ ಲಂಬವಾಗಿ ಬೀಳುತ್ತದೆ, ಪೂರ್ತಿ ನೂರಕ್ಕೆ ನೂರು. ಉತ್ತರ ಮುಖಕ್ಕೆ ಅದೇ ಕಿರಣದ ನೂರಕ್ಕೆ 42 ಭಾಗ ಮಾತ್ರ. ಜೂನ್‌ನಲ್ಲಿ ಇದು ತಿರುವುಮುರುವಾಗಿ ಉತ್ತರಕ್ಕೆ 95, ದಕ್ಷಿಣಕ್ಕೆ 74. ಆದರೆ ಜೂನ್‌ನಲ್ಲಿ ಮೋಡ ಹೆಚ್ಚು. ಮೋಡದ ಬೆಳಕು ಎಲ್ಲ ಕಡೆಯಿಂದಲೂ ಚದುರಿ ಬರುವುದರಿಂದ ದಿಕ್ಕಿನ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ. ಆಕಾಶ ನಿಜವಾಗಿ ತೆರೆದುಕೊಳ್ಳುವ ಜನವರಿಯಿಂದ ಮಾರ್ಚ್‌ವರೆಗೆ ಸೂರ್ಯ ದಕ್ಷಿಣದಲ್ಲೇ ಇರುತ್ತಾನೆ. ಆದ್ದರಿಂದ ಇಲ್ಲಿ ದಕ್ಷಿಣಕ್ಕೆ 11 ಡಿಗ್ರಿಗಿಂತ ತುಸು ಹೆಚ್ಚು, 15 ಡಿಗ್ರಿಯಷ್ಟು ಓರೆ ಕೊಟ್ಟರೂ ನಷ್ಟವಿಲ್ಲ. ಮೇಲಾಗಿ ಪಾಚಿ, ಎಲೆ, ಹಕ್ಕಿಯ ಹಿಕ್ಕೆ ಮಳೆಯಲ್ಲಿ ತೊಳೆದು ಹೋಗಲು ಓರೆ ಇದ್ದರೇ ಒಳ್ಳೆಯದು.

ಇನ್ನು ನೆರಳು. ಮನೆಯ ಪೂರ್ವಕ್ಕೆ ದಿಗಂತದಿಂದ 15 ಡಿಗ್ರಿ ಎತ್ತರಕ್ಕೆ ಏರಿದ ಗುಡ್ಡವಿದ್ದರೆ ಬಿಸಿಲು ಬೀಳುವುದು ಸುಮಾರು ಒಂದು ಗಂಟೆ ತಡ. ಕಣಿವೆಯ ತಳದ ಮನೆಗೂ ದಿಣ್ಣೆಯ ಮೇಲಿನ ಮನೆಗೂ ಒಂದೇ ಬೀದಿಯಲ್ಲಿ ದಿನಕ್ಕೆ ಎರಡು ಗಂಟೆ ಬಿಸಿಲಿನ ವ್ಯತ್ಯಾಸ ಬರಬಹುದು. ಅದಾದ ಮೇಲೆ ಮರಗಳು. ಚಹಾ ತೋಟದ ಸಿಲ್ವರ್ ಓಕ್, ರಸ್ತೆ ಬದಿಯ ನೀಲಗಿರಿ ಮರ ಎಂಬತ್ತು, ನೂರು ಅಡಿ ಬೆಳೆಯುವುದು ಸಾಮಾನ್ಯ. (ಆಸ್ಟ್ರೇಲಿಯಾದಿಂದ ಬಂದ ಮರಕ್ಕೆ ಕನ್ನಡಿಗರು ಈ ಬೆಟ್ಟದ ಹೆಸರನ್ನೇ ಇಟ್ಟಿರುವುದು ಬೇರೆ ಮಾತು.) ಪ್ಯಾನೆಲ್‌ನ ಒಂದು ಮೂಲೆಗೆ ಬಿದ್ದ ನೆರಳು ಆ ಮೂಲೆಯನ್ನು ಮಾತ್ರ ಕಟ್ಟಿಹಾಕುವುದಿಲ್ಲ. ಕೋಶಗಳು ಸರಪಳಿಯಂತೆ ಜೋಡಣೆಯಾಗಿರುವುದರಿಂದ ಆ ಸಾಲಿನ ಪ್ರವಾಹವೇ ಕುಗ್ಗುತ್ತದೆ. ನೆರಳು ತಪ್ಪಿಸಲು ಸಾಧ್ಯವೇ ಇಲ್ಲದ ಕಡೆ ಎಲ್ಲಾ ಪ್ಯಾನೆಲ್‌ಗಳಿಗೆ ಒಂದೇ ಇನ್ವರ್ಟರ್ ಬದಲು ಪ್ರತಿ ಪ್ಯಾನೆಲ್‌ಗೂ ಪ್ರತ್ಯೇಕ ಮೈಕ್ರೋ ಇನ್ವರ್ಟರ್ ಹಾಕುವುದು ಒಂದು ದಾರಿ, ಖರ್ಚು ಹೆಚ್ಚು.

ಮರ ಕಡಿದರಾಯಿತು ಎಂದು ಯಾರೂ ಭಾವಿಸುವಂತಿಲ್ಲ. ಬೆಟ್ಟ ಪ್ರದೇಶಗಳ ಮರಗಳ ಸಂರಕ್ಷಣೆಗೆ ತಮಿಳುನಾಡಿನಲ್ಲಿ 1955ರ ಕಾಯ್ದೆಯೇ ಇದೆ. ಸ್ವಂತ ಜಮೀನಿನ ಮರಕ್ಕೂ ಅನುಮತಿ ಬೇಕು. ಭೂಕುಸಿತದ ಈ ಇಳಿಜಾರುಗಳಲ್ಲಿ ಮರದ ಬೇರು ಮಣ್ಣನ್ನು ಹಿಡಿದಿರುವುದನ್ನು ನೆನೆದರೆ ಕಾಯ್ದೆ ಇರುವುದೇ ಸರಿ ಎನಿಸುತ್ತದೆ. ಕರ್ನಾಟಕದ ಪಾವಗಡದಲ್ಲಿ 13,000 ಎಕರೆಯಷ್ಟು ಜಾಗದಲ್ಲಿ 2,050 ಮೆಗಾವ್ಯಾಟ್, ರಾಮನಾಥಪುರದ ಕಮುದಿಯಲ್ಲಿ 648 ಮೆಗಾವ್ಯಾಟ್ ಸ್ಥಾವರ ಎದ್ದವು. ಅಂಥದ್ದು ನೀಲಗಿರಿಯ ಕೆಲಸವಲ್ಲ. ಇಲ್ಲಿನ ಸೌರಶಕ್ತಿ ಏನಿದ್ದರೂ ಛಾವಣಿಯ ಮೇಲೇ.

ಒಂದು ಮನೆಯ ಲೆಕ್ಕ

ಸೂತ್ರ ಸರಳ. ಪ್ಯಾನೆಲ್‌ನ ಕಿಲೋವ್ಯಾಟ್ ಅನ್ನು ಆ ದಿನದ 'ಪೂರ್ಣ ಬಿಸಿಲಿನ ಗಂಟೆ'ಗಳಿಂದ ಗುಣಿಸಿ, ತಂತಿ, ಇನ್ವರ್ಟರ್, ಕೊಳೆ, ಬಿಸಿಗಳಿಗೆಂದು ಸುಮಾರು ಶೇ. 22 ಕಳೆಯಬೇಕು. ಪೂರ್ಣ ಬಿಸಿಲಿನ ಗಂಟೆ ಎಂದರೆ ದಿನವಿಡೀ ಬಿದ್ದ ಬೆಳಕನ್ನೆಲ್ಲ ಒಟ್ಟುಗೂಡಿಸಿ, ಚದರ ಮೀಟರಿಗೆ 1,000 ವ್ಯಾಟ್‌ನಂತೆ ಎಷ್ಟು ಗಂಟೆಗೆ ಸಮ ಎಂದು ಅಳೆಯುವುದು. ಭಾರತದ ಬಹುಭಾಗದಲ್ಲಿ ಇದು ದಿನಕ್ಕೆ 4ರಿಂದ 7ರ ನಡುವೆ.

ಮೂರು ಕಿಲೋವ್ಯಾಟ್ ವ್ಯವಸ್ಥೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ತಿಳಿ ಆಕಾಶದ ದಿನ 6 ಗಂಟೆ ಎಂದು ಹಿಡಿದರೆ 14 ಯೂನಿಟ್. ಸಾಧಾರಣ ದಿನ ನಾಲ್ಕೂವರೆ ಗಂಟೆಗೆ ಹತ್ತೂವರೆ ಯೂನಿಟ್. ದಿನವಿಡೀ ಮಂಜು ಮುಸುಕಿ ಒಂದೂವರೆ ಗಂಟೆಯಷ್ಟೇ ಸಿಕ್ಕರೆ ಮೂರೂವರೆ ಯೂನಿಟ್. ಮೊದಲನೆಯದಕ್ಕೂ ಕೊನೆಯದಕ್ಕೂ ನಾಲ್ಕು ಪಟ್ಟು ಅಂತರ. ವರ್ಷದ ಸರಾಸರಿ ತೋರಿಸಿ ಮಾರುವವರು ಈ ಅಂತರವನ್ನು ಹೇಳುವುದಿಲ್ಲ. ವಿದ್ಯುತ್ ಜಾಲಕ್ಕೆ ಜೋಡಿಸಿದ ಮನೆಗೆ ಇದರಿಂದ ದೊಡ್ಡ ತೊಂದರೆಯಿಲ್ಲ. ಫೆಬ್ರವರಿಯ ಹೆಚ್ಚುವರಿ ಜಾಲಕ್ಕೆ ಹೋಗುತ್ತದೆ, ನವೆಂಬರ್‌ನ ಕೊರತೆ ಜಾಲದಿಂದ ಬರುತ್ತದೆ. ಬ್ಯಾಟರಿಯನ್ನೇ ನಂಬಿದ ತೋಟದ ಮನೆಗೆ ಮಾತ್ರ ನವೆಂಬರ್ ತಿಂಗಳೇ ನಿಜವಾದ ಅಳತೆಗೋಲು. ವರ್ಷದ ಸರಾಸರಿ ನೋಡಿ ಬ್ಯಾಟರಿ ಕೊಂಡವರು ಮಂಜಿನ ಮೂರನೇ ದಿನ ಕತ್ತಲಲ್ಲಿ ಕೂರಬೇಕಾಗುತ್ತದೆ.

ಹಣದ ವಿಷಯಕ್ಕೆ ಬಂದರೆ, 2024ರಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಕೇಂದ್ರ ಸರ್ಕಾರ ಒಂದು ಕಿಲೋವ್ಯಾಟ್‌ಗೆ 30,000, ಎರಡಕ್ಕೆ 60,000, ಮೂರು ಮತ್ತು ಮೇಲ್ಪಟ್ಟದ್ದಕ್ಕೆ 78,000 ರೂಪಾಯಿ ಸಹಾಯಧನ ನಿಗದಿ ಮಾಡಿತು. ಆದರೆ ಹೆಚ್ಚು ಸಹಾಯಧನ ಸಿಗುತ್ತದೆಂದು ಮೂರು ಕಿಲೋವ್ಯಾಟ್‌ಗೆ ಹಾರುವ ಮುನ್ನ ಮನೆಯ ಬಿಲ್ ನೋಡುವುದು ಒಳಿತು. ತಮಿಳುನಾಡಿನಲ್ಲಿ ಬಿಲ್ ಎರಡು ತಿಂಗಳಿಗೊಮ್ಮೆ. 2016ರಿಂದ ಮನೆಬಳಕೆಯ ಮೊದಲ 100 ಯೂನಿಟ್ ಉಚಿತ. ಎರಡು ತಿಂಗಳಿಗೆ 150 ಯೂನಿಟ್ ಸುಡುವ ಮನೆ ಹಣ ಕೊಡುವುದು 50 ಯೂನಿಟ್‌ಗೆ ಮಾತ್ರ. ಅಂಥ ಮನೆಗೆ ಪ್ಯಾನೆಲ್‌ನಿಂದ ಉಳಿತಾಯ ಅಷ್ಟಕ್ಕಷ್ಟೆ. ಒಂದೇ ಕಿಲೋವ್ಯಾಟ್ ಹಾಕಿದರೂ ಸಾಧಾರಣ ಬಿಸಿಲಿನಲ್ಲಿ ಎರಡು ತಿಂಗಳಿಗೆ 210 ಯೂನಿಟ್ ಬರುತ್ತದೆ. ಕಂಟೋನ್ಮೆಂಟ್ ವ್ಯಾಪ್ತಿಯಲ್ಲಿ ಇರುವವರು ಛಾವಣಿಯಲ್ಲಿ ಯಾವುದೇ ಬದಲಾವಣೆಗೆ ಮುನ್ನ ಮಂಡಳಿಯಲ್ಲಿ ವಿಚಾರಿಸಿಕೊಳ್ಳುವುದು ಕ್ಷೇಮ.

ಮೊದಲು ಬಿಸಿನೀರು

ಚಳಿಯ ಊರಿನಲ್ಲಿ ವಿದ್ಯುತ್ತನ್ನು ನುಂಗುವುದು ದೀಪ, ಫ್ಯಾನು ಅಲ್ಲ, ಗೀಸರ್. ನೂರು ಲೀಟರ್ ನೀರನ್ನು 15 ಡಿಗ್ರಿಯಿಂದ 55 ಡಿಗ್ರಿಗೆ ಕಾಯಿಸಲು ನಾಲ್ಕೂವರೆ ಯೂನಿಟ್‌ಗೂ ಹೆಚ್ಚು ಬೇಕು. ಒಂದು ಕಿಲೋವ್ಯಾಟ್ ಪ್ಯಾನೆಲ್ ಸಾಧಾರಣ ದಿನ ಕೊಡುವುದು ಮೂರೂವರೆ ಯೂನಿಟ್. ಅಂದರೆ ಇಡೀ ಪ್ಯಾನೆಲ್ ಒಂದು ಸಂಸಾರದ ಸ್ನಾನಕ್ಕೂ ಸಾಲದು! ಅದೇ ಬಿಸಿಲು ಎರಡು ಚದರ ಮೀಟರ್‌ನ ಸೋಲಾರ್ ವಾಟರ್ ಹೀಟರ್ ಮೇಲೆ ಬಿದ್ದರೆ ಅಷ್ಟು ನೀರು ಹೆಚ್ಚುಕಡಿಮೆ ಕಾಯುತ್ತದೆ. ಪ್ಯಾನೆಲ್ ಬಿಸಿಲಿನ ಐದನೇ ಒಂದು ಭಾಗವನ್ನು ಮಾತ್ರ ವಿದ್ಯುತ್ ಮಾಡುತ್ತದೆ, ಹೀಟರ್ ಅರ್ಧದಷ್ಟನ್ನು ನೀರಿಗೆ ಇಳಿಸುತ್ತದೆ. ವೆಲ್ಲಿಂಗ್ಟನ್‌ನಂಥ ಊರಿನಲ್ಲಿ ಮೊದಲು ಹೀಟರ್, ಆಮೇಲೆ ಪ್ಯಾನೆಲ್ ಎಂಬುದೇ ಸರಿಯಾದ ಕ್ರಮ. ಇದರಿಂದ ಹಂಡೆ ಒಲೆಗೆ ಹೋಗುವ ಕಟ್ಟಿಗೆಯೂ ಉಳಿಯುತ್ತದೆ, ಅದರ ಜೊತೆಗೆ ಶೋಲಾ ಕಾಡಿನ ಅಂಚೂ.

ತಂಪು ಗಾಳಿಗೆ ಶಾಖ ಬಿಟ್ಟುಕೊಡದ ನಿರ್ವಾತ ಗಾಜಿನ ಕೊಳವೆಯ ಮಾದರಿ ಇಲ್ಲಿಗೆ ಹೆಚ್ಚು ಸೂಕ್ತ. ಡಿಸೆಂಬರ್–ಜನವರಿಯಲ್ಲಿ ಊಟಿ, ತಲೈಕುಂದಾ ಕಡೆ ನೆಲದ ಮೇಲೆ ಹಿಮ ಕಟ್ಟುವ ರಾತ್ರಿಗಳಲ್ಲಿ ತಾಮ್ರದ ಸಣ್ಣ ನಳಿಗೆಗಳಲ್ಲಿ ನೀರು ಹೆಪ್ಪುಗಟ್ಟಿ ಒಡೆಯುವ ಅಪಾಯವಿದೆ. ವಿದ್ಯುತ್ ಪ್ಯಾನೆಲ್‌ಗೆ ಹಿಮದ ಭಯವಿಲ್ಲ. ಅದಕ್ಕೆ ಮಿಂಚಿನ ಭಯವಿದೆ. ದಿಣ್ಣೆಯ ಮೇಲಿನ ಮನೆಗಳಿಗೆ ಸರಿಯಾದ ಅರ್ಥಿಂಗ್ ಮತ್ತು ಸರ್ಜ್ ರಕ್ಷಣೆ ಇಲ್ಲದೆ ಪ್ಯಾನೆಲ್ ಹಾಕಿಸಬಾರದು. ಮಂಗಗಳ ಕೈಗೆ ಸಿಗದಂತೆ ತಂತಿಗಳನ್ನು ಪೈಪಿನೊಳಗೆ ತೂರಿಸುವುದೂ ಅಷ್ಟೇ ಮುಖ್ಯ.

ಮಸಿನಗುಡಿ, ಗೂಡಲೂರು ಕಡೆ ಸೌರಶಕ್ತಿ ಎಂದರೆ ಜನರಿಗೆ ಮೊದಲು ಹೊಳೆಯುವುದು ಆನೆ ಬೇಲಿ. ಪ್ಯಾನೆಲ್ ಬ್ಯಾಟರಿಯನ್ನು ತುಂಬುತ್ತದೆ, ಬ್ಯಾಟರಿಯಿಂದ ನಡೆಯುವ ಯಂತ್ರ ತಂತಿಗೆ ಕ್ಷಣಮಾತ್ರದ ಹೊಡೆತಗಳನ್ನು ಬಿಟ್ಟು ಬಿಟ್ಟು ಕಳಿಸುತ್ತದೆ. ಆನೆ ಬೆದರುತ್ತದೆ, ಸಾಯುವುದಿಲ್ಲ. ಮಳೆಗಾಲದಲ್ಲಿ ಬಳ್ಳಿ, ಹುಲ್ಲು ತಂತಿಗೆ ತಾಗಿ ಶಕ್ತಿ ನೆಲಕ್ಕೆ ಸೋರುವುದು, ಅದೇ ಹೊತ್ತಿಗೆ ಬಿಸಿಲಿಲ್ಲದೆ ಬ್ಯಾಟರಿ ಬರಿದಾಗುವುದು ಇದರ ದೌರ್ಬಲ್ಯ. ಆಗ ಸಾಲು ತಂತಿಯಿಂದ ನೇರವಾಗಿ ವಿದ್ಯುತ್ ಕೊಡುವುದು ಆನೆಗೂ ಮನುಷ್ಯರಿಗೂ ಮೃತ್ಯು, ಜೊತೆಗೆ ಅಪರಾಧ. ವಿದ್ಯುತ್ ಬೇಲಿಗಳ ನೋಂದಣಿಗೆ ತಮಿಳುನಾಡು 2023ರಲ್ಲಿ ನಿಯಮಗಳನ್ನೇ ತಂದಿತು.

ನೀರು ಮತ್ತು ಬಿಸಿಲು

ನೀಲಗಿರಿಗೆ ವಿದ್ಯುತ್ ಹೊಸದಲ್ಲ. ಅರವಂಕಾಡು ಕಾರ್ಡೈಟ್ ಕಾರ್ಖಾನೆಗಾಗಿ ಕಾಟೇರಿ ಜಲಪಾತದಿಂದ ವಿದ್ಯುತ್ ತೆಗೆದದ್ದು 20ನೇ ಶತಮಾನದ ಆರಂಭದಲ್ಲೇ. ಪೈಕಾರಾ ನೀರು ಸಿಂಗಾರಾದ ಸ್ಥಾವರದಲ್ಲಿ ಚಕ್ರ ತಿರುಗಿಸಲು ತೊಡಗಿದ್ದು 1932ರಲ್ಲಿ. ನಂತರ ಕೆನಡಾದ ನೆರವಿನ ಕುಂದಾ ಯೋಜನೆ ಬಂತು. ಈ ಜಲಾಶಯಗಳು ತುಂಬುವುದು ಮುಂಗಾರಿನಲ್ಲಿ, ಅಂದರೆ ಪ್ಯಾನೆಲ್‌ಗಳು ಮಂಕಾಗಿರುವ ಕಾಲದಲ್ಲಿ. ಅವು ಇಳಿಯುತ್ತಾ ಹೋಗುವ ಜನವರಿಯಿಂದ ಏಪ್ರಿಲ್‌ವರೆಗೆ ಪ್ಯಾನೆಲ್‌ಗಳಿಗೆ ಸುಗ್ಗಿ. ಒಂದು ಬಳಲಿದಾಗ ಇನ್ನೊಂದು ಹೆಗಲು ಕೊಡುತ್ತದೆ.

ತಮಿಳುನಾಡು ಕೈಗೆತ್ತಿಕೊಂಡಿರುವ 500 ಮೆಗಾವ್ಯಾಟ್‌ನ ಕುಂದಾ ಪಂಪ್ಡ್ ಸ್ಟೋರೇಜ್ ಯೋಜನೆ ಈ ನಂಟನ್ನು ಇನ್ನೂ ಬಿಗಿ ಮಾಡುವಂಥದ್ದು. ವಿದ್ಯುತ್ ಹೆಚ್ಚಾಗಿರುವ ಹೊತ್ತಿನಲ್ಲಿ ಅವಲಾಂಚಿ–ಎಮರಾಲ್ಡ್ ಜಲಾಶಯದ ನೀರನ್ನು ಮೇಲಿನ ಪೋರ್ತಿಮಂಡು ಜಲಾಶಯಕ್ಕೆ ಎತ್ತಿ, ಸಂಜೆ ಬೇಡಿಕೆ ಏರಿದಾಗ ಕೆಳಕ್ಕೆ ಬಿಟ್ಟು ವಿದ್ಯುತ್ ತೆಗೆಯುವುದು ಅದರ ತತ್ವ. ರಾಮನಾಥಪುರದ ಬಯಲಿನಲ್ಲಿ ಮಧ್ಯಾಹ್ನ ಹುಟ್ಟಿದ ಸೌರ ವಿದ್ಯುತ್ ಹೀಗೆ ನೀಲಗಿರಿಯ ನೀರಿನಲ್ಲಿ ಕೆಲವು ಗಂಟೆ ತಂಗಿ, ದೀಪ ಹಚ್ಚುವ ಹೊತ್ತಿಗೆ ಮತ್ತೆ ಮನೆಗಳಿಗೆ ಹೋಗುತ್ತದೆ.

ವೆಲ್ಲಿಂಗ್ಟನ್‌ನಲ್ಲಿ ಪ್ಯಾನೆಲ್ ಹಾಕಿಸುವ ಯೋಚನೆ ಇರುವವರು ಮೊದಲು ಮಾಡಬೇಕಾದ ಕೆಲಸಕ್ಕೆ ಒಂದು ಪೈಸೆ ಖರ್ಚಿಲ್ಲ. ನವೆಂಬರ್‌ನಲ್ಲಿ ಒಂದು ವಾರ, ಫೆಬ್ರವರಿಯಲ್ಲಿ ಒಂದು ವಾರ, ತಮ್ಮ ಛಾವಣಿಯ ಮೇಲೆ ಬಿಸಿಲು ಬಿದ್ದ ಹೊತ್ತು, ಹೋದ ಹೊತ್ತು, ಮರದ ನೆರಳು ಹಾದುಹೋದ ಹೊತ್ತು ಬರೆದಿಟ್ಟುಕೊಳ್ಳುವುದು. ಬೆಲೆಪಟ್ಟಿ ಹಿಡಿದು ಬರುವವರ ಮುಂದೆ ಆ ಹಾಳೆಯನ್ನು ಇಟ್ಟು, ಈ ಎರಡು ತಿಂಗಳಿಗೆ ಬೇರೆ ಬೇರೆಯಾಗಿ ಎಷ್ಟು ಯೂನಿಟ್ ಬರುತ್ತದೆ ಎಂದು ಬರವಣಿಗೆಯಲ್ಲಿ ಕೇಳಬಹುದು.